ನಿರ್ಧಾರ ಸಾಮರ್ಥ್ಯ ಇಲ್ಲದ ರೋಗಿಯ ಆರೋಗ್ಯ ಮಾಹಿತಿ: ಒಪ್ಪಿಗೆ ಪಡೆಯುವ ಕ್ರಮ

ಡಿಮೆನ್ಷಿಯಾ ಇರುವವರು, ಪಾರ್ಶ್ವವಾಯುವಿನಿಂದ ಮಾತು ನಿಂತವರು, ಸನ್ನಿ (ಡೆಲಿರಿಯಂ) ಹಿಡಿದವರು, ಮಾನಸಿಕ ಕಾಯಿಲೆ ಉಲ್ಬಣಗೊಂಡವರು, ಬೌದ್ಧಿಕ ಅಂಗವೈಕಲ್ಯ ಇರುವವರು, ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಮಲಗಿರುವವರು. ಇಂಥವರ ಆರೋಗ್ಯ ಮಾಹಿತಿಯನ್ನು ಸಂಶೋಧನೆಗೋ ರೋಗಗಳ ರಿಜಿಸ್ಟ್ರಿಗೋ (ಒಂದು ಕಾಯಿಲೆ ಇರುವವರ ವಿವರ ಕೂಡಿಡುವ ದಾಖಲೆ) ಪಡೆಯಬೇಕಾದಾಗ ಎಷ್ಟೋ ತಂಡಗಳು ಮೊದಲು ಮಾಡುವ ಕೆಲಸ, ಹಾಸಿಗೆಯ ಪಕ್ಕ ನಿಂತ ಸಂಬಂಧಿಕರ ಕೈಗೆ ಫಾರಂ ಕೊಡುವುದು. ಕ್ರಮ ತಪ್ಪುವುದು ಅಲ್ಲಿಂದಲೇ. ಮೊದಲು ಕೇಳಬೇಕಾದದ್ದು ರೋಗಿಯನ್ನು. ಅವರಿಂದ ಈ ನಿರ್ಧಾರ ಈಗ ಆಗುತ್ತಿಲ್ಲ ಎಂದು ನೋಡಿ, ಏಕೆ ಎಂದು ಬರೆದಿಟ್ಟ ಮೇಲಷ್ಟೇ ಬೇರೆಯವರ ಸರದಿ.

ಕಾಯಿಲೆಯ ಹೆಸರು ನೋಡಿ ಸಾಮರ್ಥ್ಯ ಹೇಳಲು ಬರುವುದಿಲ್ಲ. ಡಿಮೆನ್ಷಿಯಾದ ಆರಂಭದಲ್ಲಿರುವ ಎಷ್ಟೋ ಜನ ತಮ್ಮ ಹಳೆಯ ಕೇಸ್ ಶೀಟ್ ನೋಡಲು ಬಿಡಬೇಕೋ ಬೇಡವೋ ಎಂದು ಸ್ಪಷ್ಟವಾಗಿ ಹೇಳಬಲ್ಲರು. ಅದೇ ವ್ಯಕ್ತಿಗೆ, ತಮ್ಮ ಜೀನ್ ಮಾಹಿತಿಯನ್ನು ಹತ್ತಾರು ವರ್ಷ ಇಟ್ಟುಕೊಂಡು ಬೇರೆ ಸಂಸ್ಥೆಗಳಿಗೂ ಕೊಡುವ ವಿಷಯವನ್ನು ತೂಗಿ ನೋಡಲು ಆಗದಿರಬಹುದು. ಬೆಳಿಗ್ಗೆ ಹತ್ತಕ್ಕೆ ಇದ್ದ ತಿಳಿವು ಸಂಜೆ ಆರಕ್ಕೆ ಇರದಿರಬಹುದು. ಆದ್ದರಿಂದ ‘ಈ ರೋಗಿಗೆ ಸಾಮರ್ಥ್ಯ ಇಲ್ಲ’ ಎಂಬ ಒಂದೇ ಸಾಲು ಕಡತದಲ್ಲಿ ನಿಲ್ಲುವುದಿಲ್ಲ. ಯಾವ ನಿರ್ಧಾರಕ್ಕೆ, ಯಾವ ದಿನ, ಯಾವ ಹೊತ್ತಿಗೆ ಎಂಬುದೂ ಅದರ ಜೊತೆ ಇರಬೇಕು.

ಯಾವ ಮಾಹಿತಿ, ಯಾವುದಕ್ಕೆ

ಚಿಕಿತ್ಸೆ ಕೊಡಲು ಬೇಕಾದ ಮಾಹಿತಿಯ ದಾರಿಯೇ ಬೇರೆ. ಅದು ಚಿಕಿತ್ಸೆಯ ಒಪ್ಪಿಗೆಯ ಜೊತೆ ಹೋಗುತ್ತದೆ. ಇಲ್ಲಿ ಹೇಳುತ್ತಿರುವುದು ಅದನ್ನು ಮೀರಿದ ಬಳಕೆಯ ಬಗ್ಗೆ: ಅಧ್ಯಯನ, ರಿಜಿಸ್ಟ್ರಿ, ಮಾಹಿತಿ ಭಂಡಾರ, ಬೇರೆ ಸಂಸ್ಥೆಗಳ ಜೊತೆ ಹಂಚಿಕೆ.

ಫಾರಂ ಬರೆಯಲು ಕೂರುವ ಮುನ್ನ ಮಾಹಿತಿಯ ಪಟ್ಟಿ ಹಿಡಿದು ಒಂದೊಂದೇ ಕಾಲಂ ನೋಡಿ. ಹುಟ್ಟಿದ ದಿನಾಂಕ ಬೇಕೆ, ವಯಸ್ಸು ಸಾಕೆ? ಪೂರ್ತಿ ವಿಳಾಸ ಏಕೆ? ಸಂದರ್ಶನದ ಧ್ವನಿಮುದ್ರಣ ಬರಹಕ್ಕೆ ಇಳಿದ ಮೇಲೂ ಉಳಿಯಬೇಕೆ? ‘ಮುಂದೆ ಯಾವತ್ತಾದರೂ ಬೇಕಾದೀತು’ ಎಂಬುದೊಂದೇ ಕಾರಣವಿರುವ ಕಾಲಮನ್ನು ತೆಗೆದುಹಾಕಿ. ನೀವು ಹೆಚ್ಚಿನ ಮಾಹಿತಿ ಕೇಳಿದರೆ, ತಾನೇ ಒಪ್ಪಿಗೆ ಕೊಡಬಲ್ಲ ವ್ಯಕ್ತಿ ‘ಇದೆಲ್ಲ ಯಾಕೆ?’ ಎಂದಾದರೂ ಕೇಳುತ್ತಾನೆ. ಇಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ. ಆ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು.

ಗುರುತು ಪೂರ್ತಿ ಅಳಿಸಿದ ಮಾಹಿತಿ ಬೇರೆ, ಹೆಸರಿನ ಬದಲು ಕೋಡ್ ಹಾಕಿದ ಮಾಹಿತಿ ಬೇರೆ. ಕೋಡ್ ಯಾರದ್ದು ಎಂದು ಹೇಳುವ ಕೀಲಿ ಪಟ್ಟಿ ಎಲ್ಲೋ ಒಂದು ಕಡೆ ಇರುವವರೆಗೂ ಅದು ಆ ವ್ಯಕ್ತಿಯ ಮಾಹಿತಿಯೇ. ಇವೆರಡನ್ನೂ ಒಂದೇ ಎಂದು ಬರೆಯುವುದು ಎಥಿಕ್ಸ್ ಕಮಿಟಿಗೆ (ಸಂಶೋಧನೆ ನೈತಿಕವಾಗಿ ಸರಿಯೇ ಎಂದು ನೋಡಿ ಅನುಮತಿ ಕೊಡುವ ಸಮಿತಿ) ಹೋಗುವ ಅರ್ಜಿಗಳಲ್ಲಿ ಮೇಲಿಂದ ಮೇಲೆ ಕಾಣುವ ದೋಷ. ಅಪರೂಪದ ಕಾಯಿಲೆಯಾದರೆ ಹೆಸರು ತೆಗೆದರೂ ಸಾಲದು. ಕಾಯಿಲೆ, ವಯಸ್ಸು, ಊರು, ಮೂರೂ ಒಟ್ಟಿಗೆ ಇದ್ದರೆ ಪರಿಚಯದವರು ಯಾರೆಂದು ಹೇಳಿಬಿಡುತ್ತಾರೆ.

ಮುಂದಿನ ಪ್ರಶ್ನೆ: ಇದೇ ಉತ್ತರ, ತಾವೇ ಒಪ್ಪಿಗೆ ಕೊಡಬಲ್ಲವರ ಮಾಹಿತಿಯಿಂದ ಸಿಗುತ್ತದೆಯೇ? ಸಿಗುವುದಾದರೆ ಇವರನ್ನು ಸೇರಿಸಬೇಡಿ. 1964ರಲ್ಲಿ ವಿಶ್ವ ವೈದ್ಯಕೀಯ ಸಂಘ ಒಪ್ಪಿ, 2024ರಲ್ಲಿ ಮತ್ತೆ ಪರಿಷ್ಕರಿಸಿದ, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆಯ ದಾರಿಯೂ ಇದೇ. ಆದರೆ ಇದರ ಇನ್ನೊಂದು ಮಗ್ಗುಲನ್ನು ಮರೆಯಬಾರದು. ತೊಂದರೆ ಬೇಡ ಎಂದು ಸಾಮರ್ಥ್ಯ ಕಳೆದುಕೊಂಡವರನ್ನೆಲ್ಲ ಹೊರಗಿಟ್ಟರೆ, ಡಿಮೆನ್ಷಿಯಾದ ಅಧ್ಯಯನದಲ್ಲಿ ಸೌಮ್ಯ ಹಂತದವರು ಮಾತ್ರ ಉಳಿಯುತ್ತಾರೆ. ಕಾಯಿಲೆ ಬಲಿತವರಿಗೆ ಯಾವ ಮದ್ದು ಒಗ್ಗುತ್ತದೆ, ಅವರು ಏಕೆ ಬೀಳುತ್ತಾರೆ, ಅವರ ನೋವು ಹೇಗೆ ತಿಳಿಯುತ್ತದೆ ಎಂಬುದು ಕತ್ತಲಲ್ಲೇ ಉಳಿಯುತ್ತದೆ. ಸೇರಿಸುವುದಕ್ಕೂ ಬಿಡುವುದಕ್ಕೂ ಕಾರಣ ಬರೆಯಿರಿ.

ಕಾನೂನು ಎಲ್ಲೆಲ್ಲಿ ಏನು ಕೇಳುತ್ತದೆ

ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಡೇಟಾ ಕಾನೂನಿನ ಪ್ರಕಾರ ಈ ಮಾಹಿತಿ ಇಟ್ಟುಕೊಳ್ಳಲು ಆಧಾರ ಯಾವುದು ಎಂಬುದು ಒಂದು. ಈ ವ್ಯಕ್ತಿಯನ್ನು ಅಧ್ಯಯನಕ್ಕೆ ಸೇರಿಸಲು ನೈತಿಕವಾಗಿ ಯಾರ ಒಪ್ಪಿಗೆ ಬೇಕು ಎಂಬುದು ಇನ್ನೊಂದು. ಒಂದಕ್ಕೆ ಉತ್ತರ ಸಿಕ್ಕರೆ ಇನ್ನೊಂದಕ್ಕೂ ಸಿಕ್ಕಂತಲ್ಲ. 2018ರಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ಡೇಟಾ ಸಂರಕ್ಷಣಾ ಕಾನೂನು ಜಿಡಿಪಿಆರ್ ಆರೋಗ್ಯ ಮಾಹಿತಿಯನ್ನು ವಿಶೇಷ ರಕ್ಷಣೆಯ ವರ್ಗಕ್ಕೆ ಸೇರಿಸುತ್ತದೆ. ಅದರಡಿ ಸ್ಪಷ್ಟ ಒಪ್ಪಿಗೆ ಒಂದು ಆಧಾರ ಮಾತ್ರ, ಬೇರೆಯವೂ ಇವೆ. ಹಾಗೆಂದು ರೋಗಿಯನ್ನು ಕೇಳುವುದೇ ಬೇಡ ಎಂದಾಗುವುದಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ ಪ್ರತಿ ವಯಸ್ಕರಿಗೂ ಸಾಮರ್ಥ್ಯ ಇದೆ ಎಂದೇ ಶುರುಮಾಡುತ್ತದೆ; ಇಲ್ಲ ಎನ್ನುವವರು ಅದನ್ನು ತೋರಿಸಬೇಕು. ನಿಮಗೆ ಸರಿಕಾಣದ ನಿರ್ಧಾರ ಮಾಡಿದರು ಎಂಬುದು ಸಾಮರ್ಥ್ಯ ಇಲ್ಲ ಎನ್ನಲು ಕಾರಣವಲ್ಲ ಎಂದೂ ಅದು ಹೇಳುತ್ತದೆ. ಅಲ್ಲಿ ಸಂಶೋಧನೆಗೆ ಸಂಬಂಧಿಕರು ರೋಗಿಯ ಪರವಾಗಿ ‘ಒಪ್ಪಿಗೆ’ ಕೊಡುವುದಿಲ್ಲ. ಅವರನ್ನು ಸಲಹೆಗಾರರಾಗಿ ಕೇಳಲಾಗುತ್ತದೆ: ಸೇರಿಸಬಹುದೇ, ಅವರಿಗೆ ಸಾಮರ್ಥ್ಯ ಇದ್ದಿದ್ದರೆ ಏನೆನ್ನುತ್ತಿದ್ದರು? ಸಲಹೆಗಾರರು ಬೇಡ ಎಂದರೆ ಸೇರಿಸುವಂತಿಲ್ಲ.

ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ‘ನಾಮನಿರ್ದೇಶಿತ ಪ್ರತಿನಿಧಿ’ ಎಂಬ ವ್ಯವಸ್ಥೆ ಇದೆ. ವಯಸ್ಕರು ಯಾರು ಬೇಕಾದರೂ ಬಿಳಿ ಹಾಳೆಯಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ, ತಮ್ಮ ಪ್ರತಿನಿಧಿ ಯಾರೆಂದು ಮೊದಲೇ ಹೇಳಬಹುದು. ಒಪ್ಪಿಗೆ ಕೊಡಲಾಗದ, ಆದರೆ ವಿರೋಧಿಸದ ವ್ಯಕ್ತಿಯ ಮೇಲೆ ಮಾನಸಿಕ, ದೈಹಿಕ, ರಾಸಾಯನಿಕ ಅಥವಾ ಔಷಧ ಪ್ರಯೋಗ ಇರುವ ಸಂಶೋಧನೆ ಮಾಡಬೇಕಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿಯೂ ಬೇಕು ಎಂದು ಅದರ 99ನೇ ಸೆಕ್ಷನ್ ಹೇಳುತ್ತದೆ. ಕೇಸ್ ನೋಟ್ಸ್ ಮಾತ್ರ ಓದುವ ಅಧ್ಯಯನಕ್ಕೆ ಅದೇ ಸೆಕ್ಷನ್ ದಾರಿ ಬಿಡುತ್ತದೆ, ವ್ಯಕ್ತಿಯ ಗುರುತು ಹೊರಬೀಳಬಾರದು ಎಂಬ ಷರತ್ತಿನೊಂದಿಗೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಾದರೆ, ಕಾನೂನುಬದ್ಧ ಪೋಷಕರಿರುವ ಅಂಗವಿಕಲ ವ್ಯಕ್ತಿಯ ವಿಷಯದಲ್ಲಿ ಆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಕೇಳುತ್ತದೆ.

ನೀವು ಕೆಲಸ ಮಾಡುವ ಕಡೆಯ ನಿಯಮ ಯಾವುದೇ ಇರಲಿ, ಪ್ರೊಟೊಕಾಲ್ (ಅಧ್ಯಯನ ಹೇಗೆ ನಡೆಯುತ್ತದೆ ಎಂಬ ಲಿಖಿತ ಯೋಜನೆ) ಬರೆಯುವಾಗಲೇ ‘ಇಲ್ಲಿ ಕಾನೂನು ಒಪ್ಪುವ ಪ್ರತಿನಿಧಿ ಯಾರು?’ ಎಂಬುದಕ್ಕೆ ಒಂದು ಸಾಲಿನ ಉತ್ತರ ಸಿದ್ಧವಿರಲಿ. ವಾರ್ಡಿನಲ್ಲಿ ನಿಂತು ಹುಡುಕುವ ವಿಷಯ ಅದಲ್ಲ.

ಮಾತಿಗೆ ಕೂರುವ ಮೊದಲು

ಸಾಮರ್ಥ್ಯ ಇಲ್ಲ ಎಂದು ಬರೆಯಲಾದ ಎಷ್ಟೋ ಕಡೆ ನಿಜವಾಗಿ ಇಲ್ಲದಿದ್ದದ್ದು ಕನ್ನಡಕ. ಶ್ರವಣ ಸಾಧನ ಹಾಕಿದೆಯೇ, ಅದರ ಬ್ಯಾಟರಿ ಜೀವಂತವಿದೆಯೇ, ಹಲ್ಲಿನ ಸೆಟ್ ಬಾಯಲ್ಲಿದೆಯೇ ಎಂದು ನೋಡಿ. ನೋವಿದ್ದರೆ ಅದು ತಗ್ಗಿದ ಮೇಲೆ ಬನ್ನಿ. ಮೂತ್ರಕ್ಕೆ ಹೋಗಬೇಕೆಂದು ಚಡಪಡಿಸುವವರಿಗೆ ಯಾವ ವಿವರಣೆಯೂ ಹತ್ತುವುದಿಲ್ಲ. ನಿದ್ದೆ ಬರಿಸುವ ಔಷಧಿ ಯಾವಾಗ ಕೊಟ್ಟಿದ್ದಾರೆ ಎಂದು ನರ್ಸ್ ಬಳಿ ಕೇಳಿ. ಅವರ ತಲೆ ಯಾವ ಹೊತ್ತಿಗೆ ತಿಳಿಯಾಗಿರುತ್ತದೆ ಎಂಬುದು ದಿನವೂ ನೋಡಿಕೊಳ್ಳುವವರಿಗೆ ಗೊತ್ತಿರುತ್ತದೆ. ಡಿಮೆನ್ಷಿಯಾದಲ್ಲಿ ಅದು ಸಾಮಾನ್ಯವಾಗಿ ಬೆಳಗಿನ ಹೊತ್ತು.

ಸನ್ನಿ ಇದೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಿ. ಗೊಂದಲ ಥಟ್ಟನೆ ಶುರುವಾಗಿ ಗಂಟೆಗಂಟೆಗೆ ಏರಿಳಿಯುತ್ತಿದ್ದರೆ, ಒಂದು ವಿಷಯದ ಮೇಲೆ ಗಮನ ನಿಲ್ಲದಿದ್ದರೆ, ಅದು ಸನ್ನಿಯ ಲಕ್ಷಣ. ಸೋಂಕು, ನೀರಿನಂಶದ ಕೊರತೆ, ಮಲಬದ್ಧತೆ, ಔಷಧಿಯ ಅಡ್ಡ ಪರಿಣಾಮ ಇದಕ್ಕೆ ಸಾಮಾನ್ಯ ಕಾರಣಗಳು, ಮತ್ತು ಇವುಗಳಲ್ಲಿ ಹೆಚ್ಚಿನವು ಸರಿಹೋಗುತ್ತವೆ. ನಿಮ್ಮ ಮಾಹಿತಿಗೆ ಅವಸರ ಇಲ್ಲದಿದ್ದರೆ ಕಾಯಿರಿ. ವಾರದ ಮೇಲೆ ತಾನೇ ಹೇಳಬಲ್ಲ ವ್ಯಕ್ತಿಯ ಪರವಾಗಿ ಇವತ್ತು ಬೇರೆಯವರ ಸಹಿ ಪಡೆಯುವುದಕ್ಕೆ ಸಮರ್ಥನೆ ಇಲ್ಲ. ಸನ್ನಿಯ ಅನುಮಾನ ಬಂದರೆ ಚಿಕಿತ್ಸೆ ನೋಡುವ ವೈದ್ಯರಿಗೆ ಕೂಡಲೇ ತಿಳಿಸಿ, ಅಧ್ಯಯನ ಆಮೇಲೆ.

ಮಾಹಿತಿ ಪತ್ರ ಒಂದು ಪುಟ ಮೀರದಿರಲಿ. ಅಕ್ಷರ 16 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ, ಒಂದು ವಾಕ್ಯಕ್ಕೆ ಒಂದೇ ವಿಷಯ ಇರಲಿ. ಅದರಲ್ಲಿ ಬರಬೇಕಾದದ್ದು ಇಷ್ಟು: ನಾವು ಯಾರು, ನಿಮ್ಮ ಬಗ್ಗೆ ಏನು ಬರೆದುಕೊಳ್ಳುತ್ತೇವೆ, ಯಾಕೆ, ಯಾರು ನೋಡುತ್ತಾರೆ, ಬೇಡ ಎನ್ನಬಹುದು, ಬೇಡ ಎಂದರೂ ಚಿಕಿತ್ಸೆ ಬದಲಾಗುವುದಿಲ್ಲ. ಕೊನೆಯದನ್ನು ಎರಡು ಸಲ ಹೇಳಿ. ಆರು ಪುಟದ ಪೂರ್ತಿ ಪತ್ರ ಕಾನೂನಿಗಾಗಿ ಇರಬೇಕಾದರೆ ಇರಲಿ, ಮಾತು ಮಾತ್ರ ಈ ಒಂದು ಪುಟ ಹಿಡಿದು ನಡೆಯಲಿ.

ಬಾಯಲ್ಲಿ ಹೇಳುವಾಗ ಹೀಗೆ: “ನಿಮ್ಮ ಫೈಲ್‌ನಲ್ಲಿ ಡಾಕ್ಟ್ರು ಬರೆದಿರೋದನ್ನ ಓದಿ, ಅದರಲ್ಲಿ ಕೆಲವನ್ನ ನಾವು ಬರ್ಕೊಳ್ತೀವಿ. ನಿಮ್ಮ ಹೆಸರು ಬರೆಯೋಲ್ಲ, ಅದರ ಬದಲು ಒಂದು ನಂಬರ್ ಹಾಕ್ತೀವಿ. ಈ ಕಾಯಿಲೆ ಇರೋರಿಗೆ ಮುಂದೆ ಒಳ್ಳೇ ಚಿಕಿತ್ಸೆ ಸಿಗಲಿ ಅಂತ ಇದು. ನಿಮಗೆ ಇದರಿಂದ ಈಗ ಏನೂ ಲಾಭ ಇಲ್ಲ. ಬೇಡ ಅಂದ್ರೆ ಬೇಡ ಅನ್ನಿ, ನಿಮ್ಮ ಚಿಕಿತ್ಸೆ ಈಗಿನ ಥರಾನೇ ನಡೆಯುತ್ತೆ.” ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ. ಮೌನ ಬಂದರೆ ತುಂಬಲು ಹೋಗಬೇಡಿ. ಉತ್ತರ ಕೂಡಿಸಿಕೊಳ್ಳಲು ಅವರಿಗೆ ಹತ್ತು ಹದಿನೈದು ಸೆಕೆಂಡ್ ಬೇಕಾಗಬಹುದು, ಆ ಮೌನವನ್ನೇ ‘ತಿಳಿಯಲಿಲ್ಲ’ ಎಂದುಕೊಂಡು ಮಗಳ ಕಡೆ ತಿರುಗಿಬಿಡುವುದು ಬಹಳ ಸುಲಭ.

ಸಾಮರ್ಥ್ಯ ನೋಡುವುದು

ನೋಡಬೇಕಾದದ್ದು ನಾಲ್ಕು. ಹೇಳಿದ್ದು ಅರ್ಥವಾಯಿತೇ? ನಿರ್ಧಾರ ಮಾಡುವಷ್ಟು ಹೊತ್ತು ನೆನಪಿನಲ್ಲಿ ಉಳಿಯಿತೇ? ಅದನ್ನು ತನ್ನ ವಿಷಯಕ್ಕೆ ಹಚ್ಚಿಕೊಂಡು ತೂಗಿ ನೋಡಿದರೇ? ನಿರ್ಧಾರವನ್ನು ಯಾವುದಾದರೂ ರೀತಿಯಲ್ಲಿ ತಿಳಿಸಿದರೇ? ಕಾನೂನುಗಳಲ್ಲಿ ಪದ ಸ್ವಲ್ಪ ಬದಲಾಗುತ್ತದೆ. ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾಹಿತಿಯ ತಿಳಿವಳಿಕೆ, ನಿರ್ಧಾರದ ಪರಿಣಾಮದ ಅರಿವು, ತಿಳಿಸುವಿಕೆ ಎನ್ನುತ್ತದೆ. ಹಾಸಿಗೆಯ ಬಳಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ.

‘ಅರ್ಥ ಆಯ್ತಾ?’ ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. “ನಾವು ಏನು ಮಾಡ್ತೀವಿ ಅಂತ ನಿಮ್ಮ ಮಾತಲ್ಲಿ ಹೇಳಿ”, “ನಿಮ್ಮ ಫೈಲಿಂದ ನಾವು ಏನನ್ನ ತಗೋತೀವಿ?”, “ನೀವು ಬೇಡ ಅಂದ್ರೆ ಏನಾಗುತ್ತೆ?”, “ಇದರಿಂದ ನಿಮಗೆ ಏನಾದ್ರೂ ತೊಂದ್ರೆ ಆಗಬಹುದು ಅನ್ಸುತ್ತಾ?”, “ಬೇಕು ಅಂತ ಯಾಕೆ ಅನ್ನಿಸ್ತು?” ಉತ್ತರ ನಿಮ್ಮ ಪತ್ರದ ಪದಗಳಲ್ಲೇ ಇರಬೇಕಿಲ್ಲ. “ನನ್ನ ಕಾಗದ ಓದ್ತೀರಿ, ನನ್ನ ಹೆಸರು ಹೇಳಲ್ಲ, ಬೇಡ ಅಂದ್ರೆ ಬಿಡ್ತೀರಿ” ಎಂದರೆ ಸಾಕಷ್ಟಾಯಿತು. “ನೀವು ಡಾಕ್ಟ್ರು, ಗುಣ ಮಾಡೋಕೆ ಬಂದಿದೀರಿ” ಎಂದರೆ ಅಧ್ಯಯನವನ್ನು ಚಿಕಿತ್ಸೆ ಎಂದುಕೊಂಡಿದ್ದಾರೆ. ಮತ್ತೊಮ್ಮೆ, ಬೇರೆ ಮಾತಿನಲ್ಲಿ ಹೇಳಿ ನೋಡಿ. ಈ ತಪ್ಪು ತಿಳಿವಳಿಕೆ ಪೂರ್ತಿ ಆರೋಗ್ಯವಾಗಿರುವವರಲ್ಲೂ ಸಾಮಾನ್ಯ. ಹಾಗಾಗಿ ಒಂದೇ ಸಲಕ್ಕೆ ಸಾಮರ್ಥ್ಯ ಇಲ್ಲ ಎನ್ನಬೇಡಿ.

ನೆನಪಿನ ವಿಷಯದಲ್ಲಿ ಒಂದು ಎಚ್ಚರ. ಮಧ್ಯಾಹ್ನಕ್ಕೆ ಮರೆತುಹೋಯಿತು ಎಂಬ ಕಾರಣಕ್ಕೆ ಬೆಳಗಿನ ನಿರ್ಧಾರ ಬಿದ್ದುಹೋಗುವುದಿಲ್ಲ. ನಿರ್ಧರಿಸುವಾಗ ಮಾಹಿತಿ ತಲೆಯಲ್ಲಿ ಇತ್ತೇ ಎಂಬುದಷ್ಟೇ ಲೆಕ್ಕ. ಆದರೂ ಮಾರನೆಯ ದಿನ ಮತ್ತೆ ಕೇಳಿ. ಹಿಂದಿನ ದಿನದ್ದು ಏನೂ ನೆನಪಿಲ್ಲದೆಯೂ ಅದೇ ಉತ್ತರ, ಅದೇ ಕಾರಣ ಬಂದರೆ ಅದು ಗಟ್ಟಿಯಾದ ನಿರ್ಧಾರ.

ಮಾತು ನಿಂತವರಿಗೆ ಚಿತ್ರ, ಹೌದು-ಇಲ್ಲ ಕಾರ್ಡ್, ತೋರುಬೆರಳು, ಕಣ್ಣು ಮಿಟುಕಿಸುವಿಕೆ, ಯಾವುದಾದರೂ ಆದೀತು. ಪಾರ್ಶ್ವವಾಯುವಿನ ನಂತರದ ಅಫೇಸಿಯಾದಲ್ಲಿ (ಮಾತು, ಭಾಷೆ ಕೈಕೊಡುವ ಸ್ಥಿತಿ) ಮನಸ್ಸಿನಲ್ಲಿ ‘ಇಲ್ಲ’ ಇದ್ದು ಬಾಯಲ್ಲಿ ‘ಹೂಂ’ ಬರುವುದುಂಟು. ಅದಕ್ಕೇ ಒಂದೇ ಪ್ರಶ್ನೆಯನ್ನು ತಿರುಗಿಸಿ ಕೇಳಿ: “ನಾವು ಫೈಲ್ ನೋಡಬಹುದಾ?” ಸ್ವಲ್ಪ ಹೊತ್ತಿನ ಮೇಲೆ “ನಾವು ಫೈಲ್ ನೋಡೋದು ಬೇಡ್ವಾ?” ಎರಡಕ್ಕೂ ಹೂಂ ಬಂದರೆ ಆ ಹೂಂ ಒಪ್ಪಿಗೆಯಲ್ಲ. ಮೊದಲು ‘ನೀವು ಕೂತಿದೀರಾ?’ ಎಂಬಂಥ, ಉತ್ತರ ಗೊತ್ತಿರುವ ಒಂದೆರಡು ಪ್ರಶ್ನೆ ಕೇಳಿ ಅವರ ಹೌದು-ಇಲ್ಲ ನೆಚ್ಚಬಹುದೇ ಎಂದು ನೋಡಿಕೊಳ್ಳಿ. ಸ್ಪೀಚ್ ಥೆರಪಿಸ್ಟ್ ಸಿಕ್ಕರೆ ಅವರನ್ನು ಕರೆಯಿರಿ.

ಸಾಮರ್ಥ್ಯ ನೋಡಲು ಅಳತೆಗೋಲುಗಳೂ ಇವೆ. ಯುಬಿಎಸಿಸಿ (UBACC) ಎಂಬ ಸಣ್ಣ ಪ್ರಶ್ನಾವಳಿಯಲ್ಲಿ 10 ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 2, ಒಟ್ಟು 20 ಅಂಕ. ಯಾರನ್ನು ಇನ್ನಷ್ಟು ವಿವರವಾಗಿ ನೋಡಬೇಕು ಎಂದು ಸೋಸಲು ಇದು ಒಳ್ಳೆಯದು. ಮ್ಯಾಕ್‌ಕ್ಯಾಟ್-ಸಿಆರ್ (MacCAT-CR) ಎಂಬ ಸಂದರ್ಶನ ಇನ್ನೂ ಆಳಕ್ಕೆ ಹೋಗುತ್ತದೆ, ಅದಕ್ಕೆ ತರಬೇತಿ ಬೇಕು. ಎಂಎಂಎಸ್‌ಇಯಂಥ ನೆನಪಿನ ಪರೀಕ್ಷೆಯ ಅಂಕವನ್ನು ಸಾಮರ್ಥ್ಯದ ಗೆರೆಯಾಗಿ ಬಳಸಬೇಡಿ. ಇವತ್ತು ಯಾವ ವಾರ ಎಂದು ಹೇಳಲಾಗದವರಿಗೂ ತಮ್ಮ ಫೈಲ್ ಯಾರು ನೋಡಬಾರದು ಎಂಬುದು ಗೊತ್ತಿರಬಹುದು.

ಸಾಧ್ಯವಾದಷ್ಟೂ, ಮಾಹಿತಿ ಸಂಗ್ರಹಿಸುವವರೇ ಸಾಮರ್ಥ್ಯ ನೋಡುವವರೂ ಆಗಬಾರದು. ತಿಂಗಳಿಗೆ ಇಷ್ಟು ಜನರನ್ನು ಸೇರಿಸಬೇಕು ಎಂಬ ಒತ್ತಡ ಇರುವವರಿಗೆ ಅನುಮಾನದ ಉತ್ತರವೂ ಅನುಕೂಲದ ಕಡೆಗೇ ವಾಲಿದಂತೆ ಕೇಳಿಸುತ್ತದೆ.

ಪ್ರತಿನಿಧಿಯ ಜೊತೆ ಮಾತು

ಸಾಮರ್ಥ್ಯ ಇಲ್ಲ ಎಂದು ಖಚಿತವಾದ ಮೇಲೆ ಪ್ರತಿನಿಧಿ. ರೋಗಿ ಹಿಂದೆಯೇ ಯಾರನ್ನಾದರೂ ಹೆಸರಿಸಿದ್ದರೆ ಮೊದಲು ಅವರು. ಇಲ್ಲದಿದ್ದರೆ ನಿಮ್ಮಲ್ಲಿಯ ಕಾನೂನಿನ ಅನುಕ್ರಮ. ಆಸ್ಪತ್ರೆಯ ಬಿಲ್ ಕಟ್ಟುವವರು ಎಂಬುದಾಗಲಿ, ಆ ಹೊತ್ತಿಗೆ ಎದುರಿಗಿದ್ದವರು ಎಂಬುದಾಗಲಿ ಅರ್ಹತೆಯಲ್ಲ. ಸಂಬಳಕ್ಕೆ ನೋಡಿಕೊಳ್ಳುವವರು ರೋಗಿಯ ಇಷ್ಟಾನಿಷ್ಟ ಹೇಳುವುದರಲ್ಲಿ ಬಹಳ ಉಪಯುಕ್ತರು, ಆದರೆ ಅವರನ್ನೇ ಪ್ರತಿನಿಧಿಯಾಗಿ ಹಿಡಿಯಬೇಡಿ. ಯಾರೂ ಇಲ್ಲದವರಿಗೆ, ಅಧ್ಯಯನಕ್ಕೆ ಸಂಬಂಧವೇ ಇಲ್ಲದ ಒಬ್ಬರನ್ನು ನೇಮಿಸಿಕೊಳ್ಳುವ ಏರ್ಪಾಡು ಕಮಿಟಿಯ ಒಪ್ಪಿಗೆಯೊಂದಿಗೆ ಮೊದಲೇ ಇರಬೇಕು. ಅದಿಲ್ಲದಿದ್ದರೆ ಅಂಥವರನ್ನು ಸೇರಿಸದಿರುವುದೇ ಸರಿ.

ಪ್ರತಿನಿಧಿಗೆ ಕೇಳುವ ಪ್ರಶ್ನೆಯೇ ಬೇರೆ. “ನೀವು ಒಪ್ತೀರಾ?” ಎಂದರೆ ಅವರು ತಮ್ಮ ಅಭಿಪ್ರಾಯ ಹೇಳುತ್ತಾರೆ. ಬೇಕಾದದ್ದು ರೋಗಿಯ ಮನಸ್ಸು. “ನಿಮ್ಮ ತಾಯಿ ಈಗ ತಾವೇ ಹೇಳೋ ಹಾಗಿದ್ದಿದ್ರೆ ಇದಕ್ಕೆ ಏನಂತಿದ್ರು?” “ಹಿಂದೆ ಯಾವತ್ತಾದ್ರೂ ಇಂಥ ಅಧ್ಯಯನಕ್ಕೆ ಸೇರಿದ್ರಾ, ಬೇಡ ಅಂದಿದ್ರಾ?” “ತಮ್ಮ ಕಾಯಿಲೆ ವಿಷಯ ಬೇರೆಯವರಿಗೆ ಗೊತ್ತಾಗೋದು ಅವರಿಗೆ ಹೇಗೆ ಅನ್ನಿಸ್ತಿತ್ತು?” ‘ಯಾರಿಗೂ ಏನೂ ಹೇಳಬೇಡಿ ಅಂತಿದ್ರು’ ಎಂಬ ಒಂದು ಮಾತು ಮುಂದೆ ಬರುವ ಎಲ್ಲ ‘ಹೂಂ’ಗಳಿಗಿಂತ ತೂಕದ್ದು. ರೋಗಿ ಸಾಮರ್ಥ್ಯವಿದ್ದಾಗ ಬೇಡ ಎಂದದ್ದು ಬರಹದಲ್ಲಿ ಸಿಕ್ಕರೆ ಮಾತು ಅಲ್ಲಿಗೆ ಮುಗಿಯಿತು, ಕುಟುಂಬ ಎಷ್ಟೇ ಉತ್ಸಾಹ ತೋರಿದರೂ.

ಯೋಚಿಸಲು ಕನಿಷ್ಠ ಒಂದು ದಿನ ಕೊಡಿ. ಆಸ್ಪತ್ರೆಯಲ್ಲಿ ದಣಿದು ನಿಂತವರು ವೈದ್ಯರ ಮುನಿಸು ಬೇಡ ಎಂದು ಸಹಿ ಹಾಕುವುದುಂಟು. ಫಾರಂ ತರುವವರು ಚಿಕಿತ್ಸೆ ಕೊಡುವವರೇ ಆದರೆ ಆ ಭಯ ಇಮ್ಮಡಿ. ಮಕ್ಕಳಲ್ಲಿ ಒಬ್ಬರು ಹೂಂ, ಇನ್ನೊಬ್ಬರು ಬೇಡ ಎಂದರೆ ಬಹುಮತ ಎಣಿಸಬೇಡಿ. ಮಾಹಿತಿ ಸಂಗ್ರಹದಿಂದ ರೋಗಿಗೆ ನೇರ ಲಾಭ ಇಲ್ಲದಿರುವಾಗ ಸೇರಿಸದಿರುವುದು ಸರಿಯಾದ ತೀರ್ಮಾನ.

ದೂರದಲ್ಲಿರುವ ಪ್ರತಿನಿಧಿಗೆ ಪತ್ರ ಮೊದಲೇ ಕಳಿಸಿ, ಆಮೇಲೆ ಫೋನ್ ಮಾಡಿ. ಮಾತನಾಡುವವರ ಜೊತೆ ತಂಡದ ಹೊರಗಿನ ಒಬ್ಬರು ಕೇಳಿಸಿಕೊಂಡು, ದಿನಾಂಕ ಸಮಯ ಹಾಕಿ ಸಹಿ ಮಾಡಲಿ. ಫೋನಿನ ಒಪ್ಪಿಗೆ ನಿಮ್ಮ ಪ್ರೊಟೊಕಾಲ್‌ನಲ್ಲಿ ಮಂಜೂರಾಗಿರಬೇಕು.

ಇಲ್ಲಿ ಬಹಳ ಜನ ಗಮನಿಸದ ಅಪಾಯ ಒಂದಿದೆ. ಪ್ರತಿನಿಧಿಗೆ ವಿವರಿಸುವ ಭರದಲ್ಲಿ ರೋಗಿ ಅವರಿಂದ ಮುಚ್ಚಿಟ್ಟದ್ದು ಹೊರಬೀಳುತ್ತದೆ. ಎಚ್‌ಐವಿ, ಹಳೆಯ ಗರ್ಭಪಾತ, ಕುಡಿತದ ಚಿಕಿತ್ಸೆ, ಆತ್ಮಹತ್ಯೆಯ ಯತ್ನ, ಇವೆಲ್ಲ ಫೈಲ್‌ನಲ್ಲಿ ಇರುತ್ತವೆ. ‘ನಾವು ಇಂಥಿಂಥ ಬಗೆಯ ಮಾಹಿತಿ ತೆಗೆದುಕೊಳ್ಳುತ್ತೇವೆ’ ಎಂದು ಬಗೆ ಹೇಳಿ, ಈ ವ್ಯಕ್ತಿಯ ಫೈಲ್‌ನಲ್ಲಿ ಏನಿದೆ ಎಂದು ಹೇಳಬೇಡಿ. ಅಧ್ಯಯನದ ಹೆಸರೇ ಕಾಯಿಲೆಯನ್ನು ಬಯಲು ಮಾಡುವಂತಿದ್ದರೆ ಪತ್ರದ ತಲೆಬರಹಕ್ಕೆ ಬೇರೆ ಹೆಸರು ಬೇಕು. ಮತ್ತೊಂದು: ಆರೈಕೆ ಮಾಡುವವರ ದಣಿವು, ನಿದ್ದೆ, ಖರ್ಚು ಇತ್ಯಾದಿ ಕೇಳುವುದಿದ್ದರೆ ಅದು ಅವರದೇ ಮಾಹಿತಿ. ಅದಕ್ಕೆ ಅವರ ಸ್ವಂತ ಒಪ್ಪಿಗೆಯ ಫಾರಂ ಪ್ರತ್ಯೇಕ ಇರಬೇಕು.

ಬೇಡ ಎಂಬುದರ ಗುರುತು

ಪ್ರತಿನಿಧಿ ಸಹಿ ಹಾಕಿದ ಮೇಲೂ ರೋಗಿಯನ್ನು ಕೇಳುವುದು ನಿಲ್ಲುವುದಿಲ್ಲ. ಅವರಿಗೆ ಎಷ್ಟು ತಿಳಿಯುತ್ತದೋ ಅಷ್ಟು ಹೇಳಿ, ಆ ಮಟ್ಟದ ಸಮ್ಮತಿ ಪಡೆಯಿರಿ. ಬೇಡ ಎಂದರೆ ನಿಲ್ಲಿಸಿ. ಸಾಮರ್ಥ್ಯ ಇಲ್ಲದವರ ಅಸಮ್ಮತಿಗೂ ಬೆಲೆ ಕೊಡಬೇಕು ಎಂದು ಹೆಲ್ಸಿಂಕಿ ಘೋಷಣೆಯೂ ಹೇಳುತ್ತದೆ, ಇಂಗ್ಲೆಂಡಿನ ಕಾಯ್ದೆಯೂ ಹೇಳುತ್ತದೆ.

ಬೇಡ ಎಂಬುದು ಮಾತಿನಲ್ಲಿ ಬರುವುದು ಅಪರೂಪ. ಮುಖ ಗೋಡೆಯ ಕಡೆ ತಿರುಗುತ್ತದೆ. ಬಿಪಿ ಪಟ್ಟಿ ಕಟ್ಟುವಾಗ ಕೈ ಹಿಂದಕ್ಕೆ ಹೋಗುತ್ತದೆ. ಮಣಿಕಟ್ಟಿನ ಸೆನ್ಸರ್ ಮತ್ತೆ ಮತ್ತೆ ಕಳಚಿ ಬೀಳುತ್ತದೆ. ಕಣ್ಣು ಮುಚ್ಚುತ್ತದೆ, ತುಟಿ ಬಿಗಿಯುತ್ತದೆ. ಕೆಲವರಲ್ಲಿ ಇದ್ದಕ್ಕಿದ್ದಂತೆ ಬರುವ ಅತಿ ವಿಧೇಯತೆಯೇ ಭಯದ ಗುರುತು. ಆದ್ದರಿಂದ ಸೇರಿಸುವ ದಿನವೇ, ಅವರನ್ನು ಬಲ್ಲವರ ಜೊತೆ ಕೂತು ಅರ್ಧ ಪುಟ ಬರೆದುಕೊಳ್ಳಿ: ಇವರು ಖುಷಿಯಲ್ಲಿದ್ದಾಗ ಹೇಗಿರುತ್ತಾರೆ, ಬೇಡವಾದಾಗ ಏನು ಮಾಡುತ್ತಾರೆ, ಸಾಮಾನ್ಯ ದಿನದ ಚಡಪಡಿಕೆ ಎಷ್ಟು. ಈ ಅರ್ಧ ಪುಟ ಇಲ್ಲದಿದ್ದರೆ ರಾತ್ರಿ ಪಾಳಿಯವರಿಗೆ ಕಾಯಿಲೆಯ ಚಡಪಡಿಕೆ ಯಾವುದು, ವಿರೋಧ ಯಾವುದು ತಿಳಿಯುವುದಿಲ್ಲ.

ಎಷ್ಟು ಸಲ ಕೇಳಬಹುದು ಎಂಬುದನ್ನೂ ಮೊದಲೇ ಗೊತ್ತು ಮಾಡಿ. ಒಂದು ಭೇಟಿಯಲ್ಲಿ ಬೇಡ ಎಂದರೆ ಆ ಭೇಟಿ ಬಿಡಿ. ಬೇರೆ ದಿನ ಒಮ್ಮೆ ಕೇಳಿ. ಆಗಲೂ ಬೇಡವಾದರೆ ಹಿಂದೆಗೆದುಕೊಂಡರು ಎಂದು ದಾಖಲಿಸಿ. ಮೂರನೇ ಸಲ ತಿಂಡಿಯ ಆಸೆ ತೋರಿಸಿ ಒಪ್ಪಿಸುವುದು ಒಪ್ಪಿಗೆಯಲ್ಲ.

ತುರ್ತಿನಲ್ಲಿ

ತಲೆಗೆ ಪೆಟ್ಟಾದವರು, ಹೃದಯ ನಿಂತು ಬದುಕಿದವರು, ತೀವ್ರ ಪಾರ್ಶ್ವವಾಯುವಿನವರು: ಇವರ ಮೊದಲ ಗಂಟೆಗಳ ಮಾಹಿತಿ ಆಮೇಲೆ ಸಿಗುವುದಿಲ್ಲ. ಕೆಲವು ಕಡೆಯ ನಿಯಮಗಳು ಮೊದಲು ಮಾಹಿತಿ ತೆಗೆದುಕೊಂಡು ನಂತರ ಒಪ್ಪಿಗೆ ಕೇಳಲು ಬಿಡುತ್ತವೆ, ಆದರೆ ಎಥಿಕ್ಸ್ ಕಮಿಟಿ ಆ ಅಧ್ಯಯನಕ್ಕೆಂದೇ ಮೊದಲೇ ಅನುಮತಿ ಕೊಟ್ಟಿದ್ದರೆ ಮಾತ್ರ. ತಂಡ ತಾನಾಗಿ ‘ಇದು ತುರ್ತು’ ಎಂದು ತೀರ್ಮಾನಿಸುವಂತಿಲ್ಲ. ಚಿಕಿತ್ಸೆಗಾಗಿ ಹೇಗೂ ದಾಖಲಾಗುವುದನ್ನಷ್ಟೇ ತೆಗೆದುಕೊಳ್ಳಿ, ಅಧ್ಯಯನಕ್ಕೆಂದು ಹೆಚ್ಚಿನ ರಕ್ತ ಬೇಡ. ಪ್ರತಿನಿಧಿ ಸಿಕ್ಕ ಕೂಡಲೇ ಅವರನ್ನು, ಎಚ್ಚರ ಬಂದ ಮೇಲೆ ರೋಗಿಯನ್ನು ಕೇಳಿ. ಅಲ್ಲಿಯವರೆಗೆ ಆ ಮಾಹಿತಿ ಪ್ರತ್ಯೇಕ ಕಡತದಲ್ಲಿರಲಿ, ವಿಶ್ಲೇಷಣೆಗೆ ಸೇರದಿರಲಿ. ಯಾರೂ ಸಿಗದೆ ರೋಗಿ ತೀರಿಕೊಂಡರೆ ಏನು ಮಾಡಬೇಕೆಂಬ ಸಾಲೂ ಅರ್ಜಿಯಲ್ಲಿ ಇರಬೇಕು. ದುಃಖದಲ್ಲಿರುವ ಮನೆಯವರಿಗೆ ಆ ವಾರ ಫಾರಂ ಕಳಿಸಬೇಡಿ.

ಸಾಮರ್ಥ್ಯ ಮರಳಿದಾಗ, ಕಳೆದಾಗ

ಸನ್ನಿ ಇಳಿದವರು, ಮಾನಸಿಕ ಕಾಯಿಲೆಯ ಉಲ್ಬಣ ತಗ್ಗಿದವರು ಮತ್ತೆ ತಾವೇ ನಿರ್ಧರಿಸಬಲ್ಲರು. ಆಗ ಪ್ರತಿನಿಧಿಯ ಸಹಿಯ ಮೇಲೆ ಮುಂದುವರಿಯುವಂತಿಲ್ಲ. ಪ್ರತಿ ಭೇಟಿಗೂ ಒಂದು ಮರುನೋಟ ಇಟ್ಟುಕೊಳ್ಳಿ, ಡಿಸ್ಚಾರ್ಜ್‌ಗೆ ಮುಂಚೆ ಒಂದು ಕಡ್ಡಾಯ. ಡಿಸ್ಚಾರ್ಜ್ ಆದ ಮೇಲೆ ಹುಡುಕಿ ಕೇಳುವುದು ಆಗದ ಕೆಲಸ. ಇದೊಂದು ಕಡೆ ತಪ್ಪಿಹೋದ ಕಡತಗಳೇ ಹೆಚ್ಚು. ಕೇಳುವಾಗ ಏನೇನು ಈಗಾಗಲೇ ತೆಗೆದುಕೊಂಡಿದ್ದೇವೆ ಎಂದು ಹೇಳಿ, ಅದನ್ನು ಉಳಿಸಿಕೊಳ್ಳಬಹುದೇ, ಮುಂದಕ್ಕೂ ತೆಗೆದುಕೊಳ್ಳಬಹುದೇ ಎಂದು ಎರಡು ಬೇರೆ ಪ್ರಶ್ನೆಯಾಗಿ ಕೇಳಿ.

ಡಿಮೆನ್ಷಿಯಾದಲ್ಲಿ ಇದು ತಿರುವುಮುರುವು. ಇವತ್ತು ಒಪ್ಪಿದವರು ಎರಡು ವರ್ಷದಲ್ಲಿ ಸಾಮರ್ಥ್ಯ ಕಳೆದುಕೊಳ್ಳಬಹುದು. ಹಳೆಯ ಸಹಿ ತಾನಾಗಿಯೇ ಮುಂದುವರಿಯುತ್ತದೆ ಎಂದು ಎಣಿಸಬೇಡಿ, ಕೆಲವು ಕಡೆ ಕಾನೂನೇ ಅದನ್ನು ಒಪ್ಪುವುದಿಲ್ಲ. ಮೊದಲ ದಿನವೇ ಕೇಳಿ ಬರೆದಿಡಿ: ‘ಮುಂದೆ ನಿಮಗೆ ಹೇಳೋಕೆ ಆಗದೇ ಹೋದ್ರೆ ನಾವು ಮುಂದುವರಿಸಬೇಕಾ, ನಿಲ್ಲಿಸಬೇಕಾ? ಯಾರನ್ನ ಕೇಳಬೇಕು?’ ಆ ಉತ್ತರ ಮುಂದೆ ಮಗನನ್ನೋ ಮಗಳನ್ನೋ ದೊಡ್ಡ ಭಾರದಿಂದ ಉಳಿಸುತ್ತದೆ.

ಹಿಂದೆಗೆದುಕೊಂಡಾಗ ಏನು ಅಳಿಸುತ್ತೀರಿ ಎಂಬುದರಲ್ಲಿ ಸುಳ್ಳು ಭರವಸೆ ಕೊಡಬೇಡಿ. ಹೊಸ ಮಾಹಿತಿ ಕೂಡಲೇ ನಿಲ್ಲುತ್ತದೆ. ಕೀಲಿ ಪಟ್ಟಿ ಇರುವವರೆಗೆ ಹಳೆಯದನ್ನು ಹುಡುಕಿ ಅಳಿಸಬಹುದು. ಪಟ್ಟಿ ನಾಶವಾದ ಮೇಲೆ, ಅಥವಾ ಫಲಿತಾಂಶ ಪ್ರಕಟವಾದ ಮೇಲೆ ಆಗುವುದಿಲ್ಲ. ಕಡೆಯ ದಿನಾಂಕ ಯಾವುದು ಎಂದು ಮಾಹಿತಿ ಪತ್ರದಲ್ಲೇ ಇರಲಿ.

ಕಡತದಲ್ಲಿ ಏನಿರಬೇಕು

ಪ್ರತಿಯೊಬ್ಬರಿಗೂ: ಯಾವ ನಿರ್ಧಾರಕ್ಕಾಗಿ ಸಾಮರ್ಥ್ಯ ನೋಡಲಾಯಿತು, ದಿನಾಂಕ, ಸಮಯ, ಸ್ಥಳ, ನೋಡಿದವರು ಯಾರು, ತಿಳಿಯಲು ಯಾವ ಸಹಾಯ ಕೊಟ್ಟಿರಿ, ನಾಲ್ಕು ಅಂಶಗಳಿಗೆ ರೋಗಿ ಹೇಳಿದ ಮಾತು ಅವರದೇ ಪದಗಳಲ್ಲಿ, ತೀರ್ಮಾನ ಮತ್ತು ಕಾರಣ, ಮತ್ತೆ ಯಾವಾಗ ನೋಡುತ್ತೀರಿ. ಪ್ರತಿನಿಧಿ ಇದ್ದರೆ ಅವರ ಸಂಬಂಧ, ಅವರೇ ಏಕೆ, ರೋಗಿಯ ಇಚ್ಛೆಯ ಬಗ್ಗೆ ಅವರು ಹೇಳಿದ್ದು. ಮಾಹಿತಿ ಪತ್ರದ ಆವೃತ್ತಿ ಸಂಖ್ಯೆ. ‘ರೋಗಿಗೆ ತಿಳಿಯಲಿಲ್ಲ’ ಎಂಬ ಸಾಲು ಸಾಲದು. ಏನು ಕೇಳಿದಿರಿ, ಏನು ಉತ್ತರ ಬಂತು ಎಂಬುದು ಬೇಕು.

ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಾಕ್ಷಿ ಪೂರ್ತಿ ಮಾತುಕತೆಗೆ ಹಾಜರಿರಬೇಕು. ತಪಾಸಣೆಯಲ್ಲಿ ಸಿಕ್ಕಿಬೀಳುವ ದೋಷಗಳು ಹೆಚ್ಚಾಗಿ ಇವೇ: ಸಾಕ್ಷಿ ತಂಡದ ಸದಸ್ಯರೇ ಆಗಿರುವುದು, ಸಹಿಯ ದಿನಾಂಕವನ್ನು ಅವರ ಪರವಾಗಿ ಬೇರೊಬ್ಬರು ಬರೆದಿರುವುದು, ಹಳೆಯ ಆವೃತ್ತಿಯ ಫಾರಂ, ಒಪ್ಪಿಗೆಗಿಂತ ಹಿಂದಿನ ದಿನಾಂಕದಲ್ಲಿ ನಮೂದಾದ ಮಾಹಿತಿ. ಕೊನೆಯದು ಕಂಡರೆ ತಿದ್ದಲು ಹೋಗಬೇಡಿ. ಆ ಮಾಹಿತಿಯನ್ನು ಬೇರೆ ಇಟ್ಟು, ಎಥಿಕ್ಸ್ ಕಮಿಟಿಗೆ ಬರೆದು ತಿಳಿಸಿ, ಅವರ ತೀರ್ಮಾನ ಬರುವವರೆಗೆ ಮುಟ್ಟಬೇಡಿ.

ಸಹಿ ಮಾಡಿದ ಫಾರಂಗಳನ್ನೂ ಕೀಲಿ ಪಟ್ಟಿಯನ್ನೂ ಒಂದೇ ಕಪಾಟಿನಲ್ಲಿ, ಮಾಹಿತಿ ಇರುವ ಅದೇ ಕಂಪ್ಯೂಟರಿನ ಪಕ್ಕ ಇಡಬೇಡಿ. ಫಾರಂನಲ್ಲಿ ಹೆಸರಿದೆ, ಪಟ್ಟಿಯಲ್ಲಿ ಕೋಡ್ ಇದೆ, ಕಂಪ್ಯೂಟರಿನಲ್ಲಿ ಕಾಯಿಲೆ ಇದೆ. ಮೂರೂ ಒಬ್ಬರ ಕೈಗೆ ಸಿಕ್ಕರೆ ಕೋಡ್ ಹಾಕಿದ್ದಕ್ಕೆ ಅರ್ಥವಿಲ್ಲ. ಪಟ್ಟಿಯ ಹೊಣೆ ಒಬ್ಬರಿಗೆ ಹೆಸರಿಟ್ಟು ವಹಿಸಿ. ಅವರು ಕೆಲಸ ಬಿಡುವ ದಿನ ಅದನ್ನು ಯಾರಿಗೆ ಒಪ್ಪಿಸಬೇಕು ಎಂಬುದನ್ನೂ ಅದೇ ಪ್ರೊಟೊಕಾಲ್‌ನಲ್ಲಿ ಬರೆಯಿರಿ.